ಜಮಖಾನನ ಪಥ್ಯ

ಅಕ್ಕ ನಿವೃತ್ತಿಯಾಗಿ ತಮ್ಮನ ಮನೆಗೆ ಬಂದಾಗ ಎರಡು ಟ್ರಂಕು, ಒಂದು ದೊಡ್ಡ ಅಲ್ಯೂಮಿನಿಯಂ ಪಾತ್ರೆ ಮತ್ತು ಒಂದು ನಾಯಿ ಜೊತೆಗೆ ಬಂದವು. ಟ್ರಂಕು, ಪಾತ್ರೆಗಳ ವಿಷಯ ಮೊದಲೇ ತಿಳಿಸಿದ್ದಳು. ನಾಯಿಯ ಸುದ್ದಿ ಎತ್ತಿರಲಿಲ್ಲ. ತಮ್ಮ ಬಾಗಿಲಲ್ಲೇ ನಿಂತು ಇದೇನಿದು ಅಂತ ಕೇಳಿದ್ದಕ್ಕೆ, ಕಣ್ಣು ಕಾಣಲ್ವಾ, ನಾಯಿ ಅಂದು ಅವನನ್ನು ಸರಿಸಿಕೊಂಡು ಒಳಗೆ ಹೋದಳು.

ತಮ್ಮ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಬೀದಿಯವರೆಲ್ಲ ಬೈಂಡರ್ ಅಂತಲೇ ಕರೆಯುತ್ತಿದ್ದರು. ಕೆಳಗಿನ ಕೋಣೆ ಅಂಗಡಿ, ಮೇಲೆ ಎರಡು ಕೋಣೆ ಮತ್ತು ಅಡುಗೆಮನೆ. ಐವತ್ತೆರಡು ವರ್ಷದ, ಒಂಟಿಯಾಗಿ ಬಾಳಿ ರೂಢಿಯಾದ ಮನುಷ್ಯ. ದಬ್ಬಳ ಇಟ್ಟ ಜಾಗದಲ್ಲಿ ದಬ್ಬಳ ಇರಬೇಕು, ಕತ್ತರಿ ಇಟ್ಟ ಜಾಗದಲ್ಲಿ ಕತ್ತರಿ ಇರಬೇಕು. ಊಟ ಒಂದೂವರೆಗೆ, ಅದೂ ಅರ್ಧ ತಟ್ಟೆ.

ನಾಯಿ ಕಂದು ಬಣ್ಣದ್ದು, ಎಂಟೊಂಬತ್ತು ವರ್ಷದ್ದು, ತಳಿಗಿಳಿ ಏನೂ ಹೇಳಿಕೊಳ್ಳುವಂಥದ್ದಲ್ಲ. ಬಂದ ದಿನವೇ ಅಂಗಡಿಯ ನಟ್ಟನಡುವೆ ನಾಲ್ಕೂ ಕಾಲು ಚಾಚಿ, ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿಬಿಟ್ಟಿತು. ಗಿರಾಕಿಗಳು ಅದನ್ನು ದಾಟಿಯೇ ಒಳಗೆ ಬರಬೇಕಾಯಿತು. ಎದುರು ಅಂಗಡಿಯಲ್ಲಿ ಬೀಗ ರಿಪೇರಿ ಮಾಡುವವನು ಬಂದು ನೋಡಿ, ಏನು, ಹೊಸ ಜಮಖಾನ ಹಾಸಿದೀರಾ ಅಂದ. ಅಂದಿನಿಂದ ಬೀದಿಗೆಲ್ಲ ಅದು ಜಮಖಾನ. ಅಕ್ಕ ಮಾತ್ರ ಅದನ್ನು ಮಗಾ ಅನ್ನುತ್ತಿದ್ದಳು. ತಮ್ಮನನ್ನೂ ಚಿಕ್ಕಂದಿನಿಂದ ಹಾಗೇ ಕರೆಯುತ್ತಿದ್ದಳು. ಮಹಡಿಯಿಂದ ಮಗಾ, ಊಟಕ್ಕೆ ಬಾ ಎಂಬ ಕೂಗು ಬಂದರೆ ಇಬ್ಬರೂ ಒಟ್ಟಿಗೆ ಎದ್ದು ಮೆಟ್ಟಿಲು ಹತ್ತುತ್ತಿದ್ದರು. ಅವನು ಮೇಲೆ ತಲುಪಿದಾಗ, ನಿನ್ನನ್ನಲ್ಲ ಕಣೋ ಅನ್ನುವಳು.

ಅಕ್ಕ ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದವಳು. ಅದರಲ್ಲೂ ಪಥ್ಯದ ವಿಭಾಗ. ಉಪ್ಪಿಲ್ಲದ ಸೂಪು, ಎಣ್ಣೆಯಿಲ್ಲದ ತರಕಾರಿ, ಸಕ್ಕರೆಯಿಲ್ಲದ ಗಂಜಿ. ಚೀಟಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟನ್ನೇ ಅಳೆದು ಕೊಡುವ ಕೆಲಸ. ಕೊನೆಯ ದಿನ ಏಪ್ರನ್ ಬಿಚ್ಚಿಟ್ಟು, ಇನ್ನು ನಾನು ಸತ್ತರೂ ಯಾರಿಗೂ ಸಪ್ಪೆ ಬಡಿಸಲ್ಲ ಅಂತ ಎಲ್ಲರ ಮುಂದೆ ಹೇಳಿ ಬಂದಿದ್ದಳಂತೆ. ಹೇಳಿದಂತೆ ನಡೆದುಕೊಂಡಳು ಕೂಡ. ನಾಲ್ಕು ತಿಂಗಳಲ್ಲಿ ಬೈಂಡರನ ಬೆಲ್ಟಿಗೆ ಎರಡು ಹೊಸ ತೂತು ಬಿದ್ದವು. ಅರ್ಧ ತಟ್ಟೆ ಸಾಕು ಅಂದರೆ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಕೈ ಅಡ್ಡ ಇಟ್ಟರೆ ಬೆರಳ ಸಂದಿಯಲ್ಲೇ ಬಡಿಸುತ್ತಿದ್ದಳು.

ಐದನೆಯ ತಿಂಗಳಲ್ಲಿ ಜಮಖಾನ ಕಕ್ಕಸು ಮಾಡುವುದನ್ನು ನಿಲ್ಲಿಸಿತು.

ಇದು ಮೊದಲು ಗೊತ್ತಾದದ್ದು ಬೈಂಡರನಿಗೇ. ಅಕ್ಕನಿಗೆ ಮಂಡಿನೋವು. ಹಾಗಾಗಿ ಬೆಳಿಗ್ಗೆ ಆರೂವರೆಗೆ ನಾಯಿಯನ್ನು ತಿರುಗಾಡಿಸುವ ಕೆಲಸ, ಯಾರೂ ಕೇಳದೆ ಯಾರೂ ಒಪ್ಪದೆ, ಅವನ ತಲೆಗೇ ಬಂದಿತ್ತು. ಮೊದಲ ದಿನ ಏನೂ ಆಗಲಿಲ್ಲ, ಅವನೂ ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಜಮಖಾನ ದೀಪದ ಕಂಬದ ಬಳಿ ಮೂರು ಸುತ್ತು ಸುತ್ತಿತು, ಕುಕ್ಕರಿಸಿತು, ತಿಣುಕಿತು, ಎದ್ದಿತು, ಮತ್ತೆ ಕೂತಿತು. ಆಮೇಲೆ ಕತ್ತು ತಿರುಗಿಸಿ, ನೀನ್ಯಾಕೆ ತಡೆದಿಟ್ಟಿದ್ದೀಯಾ ಎಂಬಂತೆ ಅವನನ್ನೇ ನೋಡಿತು. ಹೀಗೆ ಮುಕ್ಕಾಲು ಗಂಟೆ. ಹಾದುಹೋಗುವವರೆಲ್ಲ ನಿಂತು ವಿಚಾರಿಸಿದರು. ಬೀಗದವನು ಎಣ್ಣೆ ಕುಡಿಸಿ ಅಂದ. ಪೇಪರ್ ಮಾರುವ ಹೆಂಗಸು ಹಾಲು ಕೊಡಿ ಅಂದಳು. ಗುರುತೇ ಇಲ್ಲದ ಒಬ್ಬರು ಸೈಕಲ್ಲಿನಿಂದ ಇಳಿದು, ಬಾಳೆಹಣ್ಣು, ಬಾಳೆಹಣ್ಣು ಅಂತ ಎರಡು ಸಲ ಹೇಳಿ ಮತ್ತೆ ಹತ್ತಿಹೋದರು. ಒಂದು ನಾಯಿಯ ಹೊಟ್ಟೆ ಕಟ್ಟಿದ್ದು ಇಷ್ಟು ಜನರ ಮನೆವಾರ್ತೆಯಾಗುತ್ತದೆ ಅಂತ ಬೈಂಡರನಿಗೆ ಗೊತ್ತಿರಲಿಲ್ಲ.

ಅವತ್ತೇ ಅಂಗಡಿಗೆ ಅರ್ಧ ದಿನ ಬೀಗ ಹಾಕಿ, ಅಕ್ಕನನ್ನೂ ನಾಯಿಯನ್ನೂ ಆಟೋದಲ್ಲಿ ಕೂರಿಸಿಕೊಂಡು ಪೆಟ್ರೋಲ್ ಬಂಕಿನ ಹಿಂದಿನ ಪ್ರಾಣಿ ಆಸ್ಪತ್ರೆಗೆ ಹೋದ.

ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ತೋಳು ಮಡಚಿಕೊಂಡು ಕೆಲಸಕ್ಕಿಳಿಯುವ ಪೈಕಿ, ಅನಗತ್ಯವಾಗಿ ನಗುವವರಲ್ಲ. ನಾಯಿಯನ್ನು ತೂಕಕ್ಕೆ ನಿಲ್ಲಿಸಿದರು. ಹದಿನೇಳು ಕಿಲೋ. ಹೊಟ್ಟೆ ಒತ್ತಿ ನೋಡಿದರು. ಏನು ತಿನ್ನುತ್ತದೆ ಅಂತ ಕೇಳಿದ್ದಕ್ಕೆ ಅಕ್ಕ, ನಾವು ತಿಂದಿದ್ದೇ ತಿನ್ನುತ್ತಾನೆ, ನಮಗೇನು ಭೇದಭಾವ ಇಲ್ಲ ಅಂದಳು. ಬೇರೆ ಏನಾದರೂ ನೆಕ್ಕುತ್ತದಾ, ಅಗಿಯುತ್ತದಾ ಅಂತ ಡಾಕ್ಟರು ಮುಂದೆ ಕೇಳಿದರು. ಆಗ ಬೈಂಡರನ ಮುಖ ಸಣ್ಣಗಾಯಿತು. ದಿನವೂ ಸಂಜೆ ಮೈದಾ ಅಂಟಿನ ಬಟ್ಟಲನ್ನು ತೊಳೆಯುವ ಸೋಮಾರಿತನಕ್ಕೆ ಅವನು ಅದನ್ನು ಜಮಖಾನನ ಮುಂದಿಡುತ್ತಿದ್ದ. ಜಮಖಾನ ಅದನ್ನು ಕನ್ನಡಿಯ ಹಾಗೆ ನೆಕ್ಕಿಡುತ್ತಿತ್ತು. ಎಷ್ಟು ಅನುಕೂಲ ಅಂತ ಅವನು ಅಂದುಕೊಂಡಿದ್ದ.

ಹೇಳದೆ ವಿಧಿಯಿರಲಿಲ್ಲ, ಹೇಳಿದ. ಅಕ್ಕ ಅವನ ಕಡೆ ತಿರುಗಿದ ರೀತಿಯಲ್ಲಿ, ಮುಂದಿನ ಹತ್ತು ವರ್ಷಕ್ಕೆ ಸಾಲುವಷ್ಟು ಸರಕು ಸಿಕ್ಕಿತು ಎಂಬ ತೃಪ್ತಿ ಇತ್ತು. ಅಂಟಿಗೆ ಹುಳು ಹಿಡಿಯದಂತೆ ಮೈಲುತುತ್ತದಂಥ ವಿಷ ಏನಾದರೂ ಹಾಕ್ತೀರಾ ಅಂತ ಡಾಕ್ಟರು ಗಾಬರಿಯಿಂದ ಕೇಳಿದರು. ಪುಣ್ಯಕ್ಕೆ ಅವನು ಹಾಕುತ್ತಿರಲಿಲ್ಲ.

ಆಮೇಲೆ ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದರು. ಹೊಟ್ಟೆಯಲ್ಲಿ ಗಟ್ಟಿಯಾಗಿ ನಿಂತಿದೆ, ಆದರೆ ಎಲ್ಲೂ ಅಡ್ಡ ಸಿಕ್ಕಿಕೊಂಡ ಹಾಗೆ ಕಾಣಲ್ಲ. ಅಂಟು ಇವತ್ತಿಗೇ ಬಂದ್. ಕುಡಿಯೋ ನೀರು ಜಾಸ್ತಿಯಾಗಬೇಕು, ಓಡಾಟ ಜಾಸ್ತಿಯಾಗಬೇಕು. ಊಟದ ಜೊತೆ ಸಿಹಿಗುಂಬಳ ಕೊಡಿ, ಒಳಗೆ ಕಿತ್ತಳೆ ಬಣ್ಣ ಇರುತ್ತಲ್ಲ, ಅದು. ಸಿಪ್ಪೆ ತೆಗೆದು, ಬೀಜ ಮತ್ತು ನಡುವಿನ ಜುಂಗು ತೆಗೆದು, ಮೆತ್ತಗೆ ಬೇಯಿಸಿ ಹಿಸುಕಬೇಕು. ಆರಿದ ಮೇಲೆ ಕೊಡಬೇಕು. ಮೊದಲ ದಿನ ಎರಡು ಹೊತ್ತಿನ ಊಟಕ್ಕೂ ಅರ್ಧರ್ಧ ಚಮಚ, ಮಾರನೆಯ ದಿನದಿಂದ ಒಂದೊಂದು ಚಮಚ, ಅದಕ್ಕಿಂತ ಹೆಚ್ಚಿಲ್ಲ. ಹೆಚ್ಚಾದರೆ ಕಟ್ಟಿದ್ದು ಬಿಡುತ್ತೆ, ಆಮೇಲೆ ಹಿಡಿಯೋಕ್ಕಾಗಲ್ಲ. ಉಪ್ಪು, ಸಕ್ಕರೆ, ಬೆಣ್ಣೆ, ಮಸಾಲೆ ಏನೂ ಬೇಡ. ಈರುಳ್ಳಿ, ಬೆಳ್ಳುಳ್ಳಿ, ಒಣದ್ರಾಕ್ಷಿ ಇವು ನಾಯಿಗೆ ವಿಷ, ಹತ್ತಿರಕ್ಕೂ ಸೇರಿಸಬೇಡಿ. ವಾಂತಿ ಶುರುವಾದರೆ, ಹೊಟ್ಟೆ ಬಿಗಿದರೆ, ಇಲ್ಲಾ ನಾಳಿದ್ದಿಗೂ ಏನೂ ಆಗದಿದ್ದರೆ ಕುಂಬಳಕಾಯಿ ನಂಬಿಕೊಂಡು ಕೂರದೆ ತಕ್ಷಣ ಕರೆದುಕೊಂಡು ಬನ್ನಿ.

ಅಕ್ಕ ಅಷ್ಟನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. ಚಿಟಿಕೆ ಉಪ್ಪೂ ಬೇಡವಾ? ಬೇಡ ಅಂದರು ಡಾಕ್ಟರು. ಅಕ್ಕ ಮುಖ ದಪ್ಪ ಮಾಡಿಕೊಂಡು ನಾಯಿಯ ಹಗ್ಗ ಹಿಡಿದು ಹೊರಟಳು.

ಮಾರುಕಟ್ಟೆಯಲ್ಲಿ ಕಾಲು ಕುಂಬಳ ಕೊಡಿ ಅಂದರೆ ತರಕಾರಿಯವಳು ಕೊಯ್ದು ಕೊಡುವುದಿಲ್ಲ ಅಂದಳು. ಹೀಗಾಗಿ ದಿನಕ್ಕೆ ಎರಡು ಚಮಚದ ಲೆಕ್ಕಕ್ಕೆ ಆರು ಕಿಲೋದ ಇಡೀ ಕುಂಬಳ ಮನೆಗೆ ಬಂತು. ಬೈಂಡರ್ ಅದನ್ನು ಹೆಗಲ ಮೇಲೆ ಹೊತ್ತು ಮಹಡಿ ಹತ್ತುವಾಗ ಜಮಖಾನ ಮೂರನೆಯ ಮೆಟ್ಟಿಲ ಮೇಲೆ ಚಾಚಿಕೊಂಡಿತ್ತು.

ಮೊದಲ ದಿನ ಸಪ್ಪೆ ಕುಂಬಳವನ್ನು ಹಾಗೇ ಇಟ್ಟದ್ದಕ್ಕೆ ಜಮಖಾನ ಮೂಸಿ ಆಚೆ ಹೋಯಿತು. ನಾಯಿಗೂ ಒಂದು ಮರ್ಯಾದೆ ಇರತ್ತೆ ಅಂತ ಅಕ್ಕ ಗೋಡೆಗೆ ಹೇಳಿದಳು. ಬೈಂಡರ್ ಹಲ್ಲು ಕಚ್ಚಿ, ಅದನ್ನು ಅನ್ನದ ಜೊತೆ ಕಲಸಿ, ಮೇಲೆ ನೀರು ಹಾಕಿ ಮತ್ತೆ ಇಟ್ಟ. ತಿಂದಿತು. ಮರುದಿನವೂ ತಿಂದಿತು. ಅದರ ಮಾರನೆಯ ದಿನ ಬೆಳಿಗ್ಗೆ, ಬೀಗದವನ ಅಂಗಡಿಯ ಸರಿಯಾಗಿ ಎದುರಿಗೆ, ಕೆಲಸ ಆಯಿತು. ಬೈಂಡರನಿಗೆ ತನ್ನ ಮೇಲೇ ನಾಚಿಕೆಯಾಗುವಷ್ಟು ಸಂತೋಷವಾಯಿತು. ಯಾರಿಗಾದರೂ ಹೇಳಬೇಕು ಅನಿಸಿ ಸುತ್ತ ನೋಡಿದ. ಬೀಗದವನು ಶಟರ್ ಎತ್ತುತ್ತಾ, ಅಂತೂ ಬೀಗ ತೆಗೀತಲ್ಲ ಬಿಡಿ ಅಂದ.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಬೇರೆ ಯಾವ ಮನೆಯಲ್ಲಾದರೂ ಮುಗಿಯುತ್ತಿತ್ತು.

ಆ ವಾರ ಅವನ ಮೇಜಿನ ಮೇಲೆ ಹವಾಮಾನ ಕಚೇರಿಯ ಕೆಲಸವಿತ್ತು. ಎಷ್ಟೋ ವರ್ಷಗಳ ಮಳೆಯ ದಾಖಲೆ. ಬಿಡಿಬಿಡಿ ಹಾಳೆಗಳನ್ನು ತಿಂಗಳುವಾರು ಜೋಡಿಸಿ, ಹೊಲಿದು, ಬಟ್ಟೆ ಬೆನ್ನು ಹಚ್ಚಿ ಶನಿವಾರಕ್ಕೆ ಕೊಡಬೇಕಿತ್ತು. ಮೇಜು ತುಂಬಿ ಉಳಿದ ಕಟ್ಟುಗಳನ್ನು ನೆಲದ ಮೇಲೆ ಹಳೆ ಪೇಪರ್ ಹಾಸಿ ಇಟ್ಟಿದ್ದ. ಗುರುವಾರ ಮಧ್ಯಾಹ್ನ ಊಟ ಮುಗಿಸಿ ಕೆಳಗೆ ಬಂದಾಗ ವಾಸನೆ ಮೆಟ್ಟಿಲವರೆಗೂ ಬಂದಿತ್ತು. ಜಮಖಾನ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿತ್ತು. ಒಂದು ಇಡೀ ಮಳೆಗಾಲದ ಮೇಲೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ತೆಳ್ಳಗೆ ಕಿತ್ತಳೆ ಬಣ್ಣದಲ್ಲಿ ಹರಡಿಹೋಗಿತ್ತು.

ಬೈಂಡರ್ ಕೂಗಾಡಲಿಲ್ಲ. ಕೂಗಲು ಶಕ್ತಿ ಬೇಕಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಾಳೆ ಹಾಳೆಯಾಗಿ ಬಿಡಿಸಿ, ಒದ್ದೆ ಹತ್ತಿಯಲ್ಲಿ ಒರೆಸಿ, ಹಗ್ಗ ಕಟ್ಟಿ ಒಣಹಾಕಿದ. ಮೇಲಿನ ಎಂಟು ಹಾಳೆ ಬಿಟ್ಟರೆ ಉಳಿದವು ಬಚಾವಾಗಿದ್ದವು. ಆ ಎಂಟನ್ನು ಕೈಯಲ್ಲೇ ನಕಲು ಮಾಡಬೇಕಾಯಿತು. ಯಾವ ದಿನ ಎಷ್ಟು ಮಳೆ ಬಿತ್ತು ಅಂತ ಸಂಜೆಯವರೆಗೆ ಬರೆದ. ನಡುನಡುವೆ ಜಮಖಾನ ಬಾಗಿಲು ಕೆರೆದಾಗೆಲ್ಲ ಪೆನ್ನು ಬಿಟ್ಟು ಓಡಿದ. ಐದು ಸಲ ಓಡಿದ.

ಐದನೆಯ ಸಲ ವಾಪಸ್ ಬಂದವನು ನೇರ ಅಡುಗೆಮನೆಗೆ ಹೋಗಿ, ಎಷ್ಟು ಕೊಟ್ಟೆ ಅಂತ ಕೇಳಿದ. ಒಂದೇ ಚಮಚ ಅಂದಳು ಅಕ್ಕ. ತಾನು ಬೆಳಿಗ್ಗೆ ಒಂದು ಚಮಚ ಕಲಸಿ ಕೊಟ್ಟಿದ್ದ. ಆಮೇಲೆ ಅವಳೂ ಕೊಟ್ಟಿದ್ದಳು ಅನ್ನುವುದೇ ಅವನಿಗೆ ಹೊಸ ಸುದ್ದಿ. ಆದರೂ ಎರಡು ಚಮಚಕ್ಕೆ ಇಷ್ಟು ಮಳೆಯೇ? ಯಾವ ಚಮಚ ತೋರಿಸು ಅಂದ. ಅಕ್ಕ ಗೋಡೆಯ ಮೊಳೆಯಿಂದ ಇಳಿಸಿ ತೋರಿಸಿದಳು. ಆಸ್ಪತ್ರೆಯಿಂದ ಅವಳ ಜೊತೆ ಬಂದ ಸೌಟು. ಅರ್ಧ ಲೋಟ ಸೂಪು ಹಿಡಿಯುವಂಥದ್ದು.

ಬೈಂಡರ್ ಸೌಟು ನೋಡಿದ, ಅಕ್ಕನ ಮುಖ ನೋಡಿದ, ಹಣೆಗೆ ಕೈ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತ.

“ಇದನ್ನ ಯಾವ ಊರಲ್ಲಿ ಚಮಚ ಅಂತಾರೆ ಅಕ್ಕಾ?”

“ನಮ್ಮ ಅಡುಗೆಮನೇಲಿ ಅಂತಿದ್ರು. ಇನ್ನೂರು ಜನಕ್ಕೆ ಬಡಿಸುವಾಗ ನಿನ್ನ ಆ ಕಿವಿ ಕೆರೆಯೋ ಕಡ್ಡಿ ಹಿಡ್ಕೊಂಡು ಕೂರಕ್ಕಾಗುತ್ತಾ?”

ಮಾತಿಗೆ ಮಾತು ಬೆಳೆಯಿತು. ಇನ್ನುಮುಂದೆ ನಾಯಿಗೆ ಊಟ ಹಾಕುವುದು ತಾನೊಬ್ಬನೇ ಅಂತ ಬೈಂಡರ್ ಕಡ್ಡಿ ಮುರಿದ ಹಾಗೆ ಹೇಳಿದ. ಅವಳು ನಾಯಿಯ ತಟ್ಟೆ ಮುಟ್ಟಕೂಡದು. ನಿನಗೆ ಅಳತೆ ಅನ್ನೋದೇ ಗೊತ್ತಿಲ್ಲ, ತಿನ್ನಿಸಿ ತಿನ್ನಿಸಿಯೇ ಎಲ್ಲರನ್ನೂ ಸಾಯಿಸ್ತೀಯ ಅಂದುಬಿಟ್ಟ. ಕೊನೆಯ ಮಾತು ಆಡುವಾಗಲೇ ಹೆಚ್ಚಾಯಿತು ಅನಿಸಿತು. ಆದರೆ ಆಡಿ ಆಗಿತ್ತು. ಅಕ್ಕ ಸೌಟನ್ನು ಮೊಳೆಗೆ ಸಿಕ್ಕಿಸಿ, ಒಲೆ ಆರಿಸಿ, ತನ್ನ ಕೋಣೆಗೆ ಹೋದಳು.

ಎರಡು ದಿನ ಮನೆಯಲ್ಲಿ ಮಾತಿಲ್ಲ. ಊಟ ಮಾತ್ರ ಒಂದೂವರೆಗೆ ಸರಿಯಾಗಿ ಮೆಟ್ಟಿಲ ಕೆಳಗೆ ಬಂದಿರುತ್ತಿತ್ತು, ಮೇಲೆ ತಟ್ಟೆ ಮುಚ್ಚಿ. ತೆರೆದು ನೋಡಿದರೆ ಅವನು ತಿಂಗಳುಗಳಿಂದ ಕೇಳುತ್ತಿದ್ದ ಹಾಗೆ, ಅರ್ಧ ತಟ್ಟೆ. ಅದನ್ನು ನೋಡಿ ಅವನ ಹೊಟ್ಟೆ ತುಂಬಲಿಲ್ಲ, ಪಿತ್ತ ನೆತ್ತಿಗೇರಿತು. ಮುನಿಸಿನಲ್ಲೂ ಸರಿಯಾಗಿ ಚುಚ್ಚುವುದು ಇವಳಿಗೇ ಗೊತ್ತು ಅಂದುಕೊಂಡ.

ಶನಿವಾರ ಬೆಳಿಗ್ಗೆ ಮಳೆಯ ದಾಖಲೆಗಳು ಹೋದವು. ಭಾನುವಾರ ಮಧ್ಯಾಹ್ನ ಊಟದ ಜೊತೆ ಒಂದು ಗಾಜಿನ ಬಟ್ಟಲೂ ಇಳಿದು ಬಂತು. ಆರು ಕಿಲೋ ಕುಂಬಳದಲ್ಲಿ ನಾಯಿಯ ಪಾಲು ಹೋಗಿ ಉಳಿದದ್ದೇನು ಕಡಿಮೆಯೇ? ಅಕ್ಕ ತುರಿದು, ಬೆಣ್ಣೆಯಲ್ಲಿ ಬಾಡಿಸಿ, ಸಕ್ಕರೆ ಹಾಕಿ, ಮೇಲೆ ಒಣದ್ರಾಕ್ಷಿ ಹುರಿದು ಸಿಹಿ ಮಾಡಿದ್ದಳು. ಬಟ್ಟಲನ್ನು ಅವನ ಮೇಜಿನ ಮೇಲಿಟ್ಟು, ಇದು ನಿನಗೆ ಅಂತಷ್ಟೇ ಹೇಳಿ ಹೋದಳು. ಮೂರು ದಿನಗಳಲ್ಲಿ ಆಡಿದ ಮೊದಲ ಮಾತು.

ಬೈಂಡರ್ ಬಟ್ಟಲನ್ನೇ ನೋಡಿದ. ತಿಂದರೆ ಸೋತಂತೆ. ರಾಜಿಗೆ ಬರುವುದಾದರೆ ಬಾಯಿ ಬಿಟ್ಟು ಬರಲಿ, ಬಟ್ಟಲು ಕಳಿಸಿದರೆ ಆಯಿತೇ ಅಂದುಕೊಂಡ. ಮೇಜಿನ ಮೇಲೆ ರಟ್ಟು ಕತ್ತರಿಸಲು ಜಾಗ ಬೇಕಿತ್ತು. ಬಟ್ಟಲನ್ನು ಎತ್ತಿ ಪಕ್ಕದ ಗಿಡ್ಡ ಸ್ಟೂಲಿನ ಮೇಲಿಟ್ಟು ಕೆಲಸ ಮುಂದುವರಿಸಿದ. ಸ್ವಲ್ಪ ಹೊತ್ತಿಗೆ ದಾರ ಮುಗಿಯಿತು, ತರಲು ಬೀದಿ ಕೊನೆಯ ಅಂಗಡಿಗೆ ಹೋದ.

ಹಿಂದಿರುಗಿದಾಗ ಜಮಖಾನ ಸ್ಟೂಲಿನ ಪಕ್ಕ ಕೂತು ಮೂಗು ನೆಕ್ಕಿಕೊಳ್ಳುತ್ತಿತ್ತು. ಬಟ್ಟಲಲ್ಲಿ ಅಂಚಿಗೆ ಅಂಟಿದ ಒಂದಿಷ್ಟು ಬಿಟ್ಟರೆ ಏನೂ ಇರಲಿಲ್ಲ.

ಬೈಂಡರ್ ಅಕ್ಕಾ ಅಂತ ಕೂಗಿದ ರೀತಿಗೆ ಅವಳು ಮಂಡಿನೋವು ಮರೆತು ಇಳಿದು ಬಂದಳು. ಅವನು ದ್ರಾಕ್ಷಿ ಹಾಕಿದ್ದಕ್ಕೆ ಅವಳನ್ನು ಬೈಯತೊಡಗಿದ. ಡಾಕ್ಟರು ಹೇಳಿದ್ದು ಕಿವಿಗೆ ಬೀಳಲಿಲ್ಲವಾ, ವಿಷ ಅಂದಿದ್ದರು, ಗೊತ್ತಿದ್ದೂ ಮನೆಗೆ ತಂದೆಯಲ್ಲ ಅಂತ ಒಂದೇ ಸಮನೆ ಅಂದ. ಅಕ್ಕ ಬಟ್ಟಲನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಕೆದಕಿ ನೋಡಿದಳು. ಆಮೇಲೆ ಬಟ್ಟಲನ್ನೂ ಕೈಗೆತ್ತಿಕೊಂಡು, ಗಾಡಿ ಕರಿ ಅಂದಳು. ಆ ದನಿಗೆ ಅವನು ಬೈಗುಳ ಬಿಟ್ಟು ಬೀದಿಗೆ ಓಡಿದ.

ಭಾನುವಾರವಾದ್ದರಿಂದ ಬೀದಿಯಲ್ಲಿ ಆಟೋ ಇರಲಿಲ್ಲ. ಕಾಗದ ಸಾಗಿಸುವ ತಳ್ಳುಗಾಡಿಯಲ್ಲಿ ಜಮಖಾನನನ್ನು ಮಲಗಿಸಿ ಬೈಂಡರ್ ತಳ್ಳಿದ. ಬೀಗದವನು ಅಂಗಡಿ ಹಾಗೇ ಬಿಟ್ಟು ಬಂದು ಇನ್ನೊಂದು ಕಡೆ ಕೈ ಜೋಡಿಸಿದ. ಅಕ್ಕ ಕುಂಟುತ್ತಾ ಹಿಂದೆ ಬಂದಳು.

ಡಾಕ್ಟರು ನಾಯಿಯನ್ನು ಮೇಜಿಗೇರಿಸುತ್ತಲೇ ಎರಡು ಪ್ರಶ್ನೆ ಕೇಳಿದರು. ತಿಂದು ಎಷ್ಟು ಹೊತ್ತಾಯಿತು? ಎಷ್ಟು ದ್ರಾಕ್ಷಿ? ಮೊದಲನೆಯದಕ್ಕೆ ಬೈಂಡರ್ ಅರ್ಧ ಗಂಟೆಯೊಳಗೆ ಅಂದ. ಎರಡನೆಯದಕ್ಕೆ ಒಂದು ಹಿಡಿಯೋ ಏನೋ ಅಂತ ಶುರುಮಾಡಿದ.

“ಇಪ್ಪತ್ತಾರು” ಅಂದಳು ಅಕ್ಕ.

ಡಾಕ್ಟರು ತಲೆಯೆತ್ತಿ ನೋಡಿದರು. ಅಕ್ಕ ಬಟ್ಟಲನ್ನು ಮುಂದೆ ಹಿಡಿದಳು. ಬಾಣಲೆಗೆ ಅರವತ್ತು ಹಾಕಿದ್ದೆ, ನನ್ನ ಬಟ್ಟಲಿಗೆ ಮೂವತ್ತು, ಅವನ ಬಟ್ಟಲಿಗೆ ಮೂವತ್ತು. ಇಲ್ಲಿ ನಾಲ್ಕು ಅಂಟಿಕೊಂಡಿವೆ. ಇವನು ಒಂದೂ ತಿಂದಿಲ್ಲ, ಬಟ್ಟಲ ಪಕ್ಕ ಇಟ್ಟಿದ್ದ ಚಮಚ ಒದ್ದೆಯೇ ಆಗಿಲ್ಲ. ಹಾಗಾದರೆ ನಾಯಿಯ ಹೊಟ್ಟೆಯಲ್ಲಿ ಇಪ್ಪತ್ತಾರು. ಬೆಣ್ಣೆ ಒಂದೂವರೆ ಚಮಚ. ಸಕ್ಕರೆ ಎರಡು. ಚಮಚ ಅಂದರೆ ಚಮಚವೇ, ಸೌಟಲ್ಲ.

ಬೈಂಡರನಿಗೆ ನೆಲ ನೋಡುವುದು ಬಿಟ್ಟು ಬೇರೆ ದಾರಿ ಕಾಣಲಿಲ್ಲ.

ಡಾಕ್ಟರು ಸೂಜಿ ಹಾಕಿದರು. ಹತ್ತು ನಿಮಿಷಕ್ಕೆ ಜಮಖಾನ ಬೇಸಿನ್ ತುಂಬ ವಾಂತಿ ಮಾಡಿತು. ಡಾಕ್ಟರು ಚಿಮಟದಲ್ಲಿ ಒಂದೊಂದೇ ಎತ್ತಿ ಬಟ್ಟೆಯ ಮೇಲೆ ಸಾಲಾಗಿಟ್ಟರು. ಅಕ್ಕ ಪಕ್ಕದಲ್ಲಿ ನಿಂತು ತುಟಿಯಲ್ಲೇ ಎಣಿಸಿದಳು. ಇಪ್ಪತ್ತಮೂರು. ಇನ್ನೂ ಮೂರಿವೆ ಅಂದಳು. ಮತ್ತೊಂದು ಸಲ ವಾಂತಿಯಾದಾಗ ಎರಡು ಬಂದವು. ಇನ್ನೊಂದು ಬರಲಿಲ್ಲ. ಒಂದಾದರೂ ನಿರ್ಲಕ್ಷ್ಯ ಮಾಡುವ ಹಾಗಿಲ್ಲ, ಕೆಲವು ನಾಯಿಗಳಿಗೆ ಸ್ವಲ್ಪವೇ ಸಾಕು, ಮೂತ್ರಪಿಂಡಕ್ಕೆ ಹೊಡೆಯುತ್ತೆ ಅಂದರು ಡಾಕ್ಟರು. ಡ್ರಿಪ್ ಹಾಕಿ ಎರಡು ದಿನ ಇಲ್ಲೇ ಇಟ್ಟುಕೊಂಡು ರಕ್ತ ಪರೀಕ್ಷೆ ಮಾಡುವುದಾಗಿ ತಿಳಿಸಿದರು. ಆಮೇಲೆ ಚೀಟಿ ಬರೆಯುತ್ತಾ, ಇದನ್ನು ಕೊಟ್ಟವರು ಯಾರು ಅಂತ ಕೇಳಿದರು.

ಅಕ್ಕ ಗೋಡೆಯ ಮೇಲಿನ ಬೆಕ್ಕಿನ ಚಿತ್ರ ನೋಡುತ್ತಾ ನಿಂತಳು. ಬೈಂಡರ್ ಮೇಜಿನ ಹತ್ತಿರ ಬಂದ.

“ನನಗೆ ಅಂತ ಮಾಡಿಕೊಟ್ಟಿದ್ದು ಡಾಕ್ಟ್ರೇ. ನಾನೇ ಸಿಟ್ಟಿನಲ್ಲಿ ತಿನ್ನದೆ ನಾಯಿಗೆ ಎಟುಕುವ ಹಾಗೆ ಇಟ್ಟು ಹೋದೆ.”

ಡಾಕ್ಟರು ಹೂಂ ಅಂತ ಬರೆದುಕೊಂಡರು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಬೀಗದವನು ಗಾಡಿ ತಳ್ಳಿಕೊಂಡು ವಾಪಸ್ ಹೋಗಿದ್ದ. ಅಷ್ಟು ಕರಾರುವಾಕ್ಕಾಗಿ ಅಳೆಯೋಕೆ ಬರುವವಳು ಮೊದಲೇ ಯಾಕೆ ಅಳೆಯಲಿಲ್ಲ, ಸೌಟು ಯಾಕೆ ಹಿಡಿದೆ ಅಂತ ಕೊನೆಗೆ ಬೈಂಡರ್ ಕೇಳಿದ. ಬೇಜಾರು ಅವನ ದನಿಯಲ್ಲಿ ಇನ್ನೂ ಇತ್ತು. ಪಶ್ಚಾತ್ತಾಪವಾದ ಮಾತ್ರಕ್ಕೆ ಎಂಟು ಹಾಳೆ ನಕಲು ಮಾಡಿದ್ದು ಮರೆತುಹೋಗುವುದಿಲ್ಲ.

ಆಗ ಅಕ್ಕ ಮುದುಕರೊಬ್ಬರ ಸಂಗತಿ ಹೇಳಿದಳು. ಹನ್ನೊಂದನೆಯ ಮಂಚದವರು. ಗಡಿಯಾರ ರಿಪೇರಿ ಮಾಡುತ್ತಿದ್ದವರಂತೆ. ದಿನವೂ ಊಟದ ಗಾಡಿ ಹತ್ತಿರ ಬಂದಾಗ ಎರಡು ಬೆರಳು ಜೋಡಿಸಿ ಇಷ್ಟೇ ಇಷ್ಟು ಉಪ್ಪು ಅಂತ ತೋರಿಸುತ್ತಿದ್ದರು. ಚೀಟಿಯಲ್ಲಿ ಇರಲಿಲ್ಲ, ಅವಳು ಕೊಡಲಿಲ್ಲ. ಐದು ವಾರ ಕೇಳಿದರು, ಐದು ವಾರವೂ ತಲೆಯಾಡಿಸಿದಳು. ಒಂದು ಸೋಮವಾರ ಮಂಚ ಖಾಲಿಯಿತ್ತು. ಮನೆಗೆ ಹೋದರೋ ಇಲ್ಲವೋ ಕೇಳುವ ಧೈರ್ಯವಾಗಲಿಲ್ಲ. ಕೊಡದೆ ಇದ್ದದ್ದೇ ಸರಿ ಅಂತ ಅವಳಿಗೆ ಇವತ್ತಿಗೂ ಗೊತ್ತು. ಆದರೂ ತಟ್ಟೆಗೆ ಏನು ಬಡಿಸುವಾಗಲೂ ಆ ಎರಡು ಬೆರಳು ಕಣ್ಣ ಮುಂದೆ ಬರುತ್ತವೆ.

“ಈ ಮೂಕಪ್ರಾಣಿ ಸಪ್ಪೆ ಕುಂಬಳ ಮೂಸಿ ಆಚೆ ಹೋಯ್ತಲ್ಲ ಮಗಾ, ಅದು ಮನಸ್ಸಲ್ಲೇ ಕೂತಿತ್ತು. ಗುರುವಾರ ನನಗೆ ಕೈ ತಡೆಯಕ್ಕಾಗಲಿಲ್ಲ.”

ಸಮಾಧಾನದ ಮಾತು ಬೈಂಡರನಿಗೆ ಮೊದಲಿಂದಲೂ ಬರುತ್ತಿರಲಿಲ್ಲ. ಅವಳ ಕೈಯಲ್ಲಿದ್ದ ಬಟ್ಟಲನ್ನು ತೆಗೆದುಕೊಂಡು, ಅಂಚಿಗೆ ಅಂಟಿದ್ದನ್ನು ಬೆರಳಲ್ಲಿ ಬಳಿದು, ಆ ನಾಲ್ಕು ದ್ರಾಕ್ಷಿಯ ಸಮೇತ ಬಾಯಿಗಿಟ್ಟುಕೊಂಡ. ನಾಯಿಯ ಎಂಜಲು ಕಣೋ ಅಂದಳು ಅಕ್ಕ. ಅವನು ಮುಖ ಕಿವುಚಿದ, ಆದರೆ ಉಗುಳಲಿಲ್ಲ. ಚೆನ್ನಾಗಿದೆ ಅಂದ.

ಮಂಗಳವಾರ ರಕ್ತ ಪರೀಕ್ಷೆ ಎರಡೂ ಸಲ ಸರಿಯಾಗಿ ಬಂತು ಅಂತ ಡಾಕ್ಟರು ಫೋನ್ ಮಾಡಿದರು. ಜಮಖಾನ ಮನೆಗೆ ಬಂತು. ಬಂದದ್ದೇ ಹೊಸಿಲಿಗೆ ಅಡ್ಡವಾಗಿ ಚಾಚಿಕೊಂಡಿತು. ಅವತ್ತು ನಿಘಂಟು ತಂದಿದ್ದ ಮೇಷ್ಟ್ರೊಬ್ಬರು ಅದನ್ನು ದಾಟಲು ಹೋಗಿ ಮುಗ್ಗರಿಸಿದರು.

ನಾಯಿಗೆ ಊಟ ಹಾಕುವ ಕೆಲಸವನ್ನು ಬೈಂಡರ್ ತಾನಾಗಿಯೇ ಅಕ್ಕನಿಗೆ ಬಿಟ್ಟುಕೊಟ್ಟ. ಇದರಿಂದ ನೆಮ್ಮದಿ ಸಿಗಬಹುದು ಅಂತ ಅವನು ಎಣಿಸಿದ್ದು ತಪ್ಪಾಯಿತು. ಅವಳು ಅದನ್ನು ವಾರ್ಡಿನ ಕೆಲಸದ ಹಾಗೆ ಕೈಗೆತ್ತಿಕೊಂಡಳು. ಅವನು ಜೋಪಾನವಾಗಿ ಇಟ್ಟಿದ್ದ ದಪ್ಪ ರಟ್ಟೊಂದನ್ನು ಕೇಳದೆ ತೆಗೆದುಕೊಂಡು, ಚೌಕ ಚೌಕವಾಗಿ ಗೆರೆ ಎಳೆದು ತಾರೀಖು, ಹೊತ್ತು, ಅನ್ನ ಎಷ್ಟು, ಕುಂಬಳ ಎಷ್ಟು, ನೀರು ಎಷ್ಟು ಅಂತ ಬರೆದು ಅಂಗಡಿಯ ಬಾಗಿಲ ಹಿಂದೆ ತೂಗುಹಾಕಿದಳು. ಬೇಯಿಸಿದ ಕುಂಬಳವನ್ನು ಐಸ್ ತಟ್ಟೆಯ ಗುಳಿಗಳಲ್ಲಿ ಒಂದೊಂದೇ ಚಮಚ ತುಂಬಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಗಡ್ಡೆಕಟ್ಟಿಸಿದಳು. ಹೊತ್ತಿಗೆ ಒಂದು ಗಡ್ಡೆ, ಕರಗಿಸಿ. ಹೊಟ್ಟೆ ಸರಿಯಾದ ವಾರದ ಮೇಲೆ ಅದನ್ನೂ ಅರ್ಧಕ್ಕೆ ಇಳಿಸಿದಳು. ಬೀಗದವನು ತನ್ನ ಬಿಸ್ಕತ್ತಿನ ತುಂಡೊಂದನ್ನು ಜಮಖಾನನ ಕಡೆ ಎಸೆದದ್ದಕ್ಕೆ ಬೀದಿಯ ಆಚೆ ಬದಿಗೆ ಹೋಗಿ ದಬಾಯಿಸಿ ಬಂದಳು. ಈಗ ಅವನು ತನ್ನ ಬಿಸ್ಕತ್ತನ್ನೇ ಕದ್ದು ತಿನ್ನುತ್ತಾನೆ. ಬೈಂಡರನ ತಟ್ಟೆ ಮಾತ್ರ ಮತ್ತೆ ಮೊದಲಿನಂತೆ ತುಂಬಿ ತುಳುಕುತ್ತದೆ. ಅವನಿಗೆ ಯಾವ ಡಾಕ್ಟರೂ ಚೀಟಿ ಬರೆದುಕೊಟ್ಟಿಲ್ಲವಂತೆ.

ಅದನ್ನೂ ಸಹಿಸಿಕೊಂಡಾನು. ಸಹಿಸಲಾಗದ್ದು ಬೆಳಗಿನ ವಿಚಾರಣೆ. ಅವನು ನಾಯಿಯನ್ನು ತಿರುಗಾಡಿಸಿ ಹಿಂದಿರುಗುವ ಹೊತ್ತಿಗೆ ಕಾಲೇಜಿನ ಹುಡುಗಿಯರು ಪ್ರಬಂಧಗಳ ಕಟ್ಟು ಹಿಡಿದು ಬಾಗಿಲಲ್ಲಿ ಕಾದಿರುತ್ತಾರೆ. ಅಕ್ಕ ಮಹಡಿಯ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಬೀದಿಗೆಲ್ಲ ಕೇಳುವಂತೆ ವಿಚಾರಿಸುತ್ತಾಳೆ. ಆಯ್ತಾ? ಎಷ್ಟು ಸಲ? ಗಟ್ಟಿಯೋ, ಮೆತ್ತಗೋ? ಬಣ್ಣ?

ಬೈಂಡರ್ ಮೊದಮೊದಲು ಕೇಳಿಸದವನಂತೆ ಒಳಗೆ ನುಗ್ಗುತ್ತಿದ್ದ. ಉತ್ತರ ಸಿಗುವವರೆಗೂ ಅವಳು ಕಿಟಕಿ ಬಿಡುವುದಿಲ್ಲ, ಪ್ರಶ್ನೆಯನ್ನು ಇನ್ನೂ ಜೋರಾಗಿ ಕೇಳುತ್ತಾಳೆ ಅಂತ ಗೊತ್ತಾದ ಮೇಲೆ ದಾರಿಗೆ ಬಂದ. ಈಗ ಬಾಗಿಲ ಬೀಗಕ್ಕೆ ಕೀಲಿ ತಿರುಗಿಸುತ್ತಾ, ಗಿರಾಕಿಗಳ ಕಡೆ ಬೆನ್ನು ಹಾಕಿ, ಕಿವಿ ಕೆಂಪಾಗಿಸಿಕೊಂಡು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾನೆ.

“ಒಂದು ಸಲ. ಗಟ್ಟಿ. ಕಂದು. ಇನ್ನು ಒಳಗೆ ಹೋಗ್ತೀಯಾ?”

ಮೇಲಿನಿಂದ ಸರಿ ಅನ್ನುವ ದನಿ, ಕಿಟಕಿ ಮುಚ್ಚುವ ಸದ್ದು. ಅವನು ತಲೆ ಕೊಡವಿಕೊಂಡು, ಆಗಲೇ ಹೊಸಿಲಿಗೆ ಚಾಚಿಕೊಂಡ ಜಮಖಾನನನ್ನು ದಾಟಿ ಒಳಗೆ ಹೋಗಿ ದೀಪ ಹಾಕುತ್ತಾನೆ. ಬನ್ನಿ, ಅದೇನೂ ಮಾಡಲ್ಲ, ದಾಟಿಕೊಂಡು ಬನ್ನಿ ಅಂತ ಹುಡುಗಿಯರನ್ನು ಕರೆಯುತ್ತಾನೆ.